ಒಲೆಯ ಮಣ್ಣು ಆರುವ ಮೊದಲು

ನಲವತ್ತಾರು ವರ್ಷ ದಿನಕ್ಕೆರಡು ಹೊತ್ತು ಅಡುಗೆ ಮಾಡಿದ್ದೆ. ಅಷ್ಟು ವರ್ಷದಲ್ಲಿ ನನ್ನ ಅಡುಗೆ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮೂರಿನಲ್ಲಿ ಹೊಸ ಒಲೆಯ ಮೇಲೆ ಮೊದಲ ಪಾತ್ರೆ ಇಟ್ಟವಳು ಯಾರೋ, ಆ ಒಲೆ ಇರುವ ತನಕ ಅದರ ಮೇಲೆ ಬೆಂದದ್ದೆಲ್ಲ ಅವಳ ಕೈಯ ರುಚಿಯೇ ಆಗುತ್ತದೆ. ಆ ದಿನ ಅವಳ ಕೈ ಹೇಗಿತ್ತೋ ಹಾಗೆ. ಅವಳು ಸತ್ತ ಮೇಲೂ ಹಾಗೆ. ಆಮೇಲೆ ಅಲ್ಲಿ ಯಾರು ಕುಳಿತು ಸೌಟು ತಿರುವಿದರೂ ಬರುವುದು ಅದೇ.

ಊರಿಗೆ ಇದು ಒಗ್ಗಿಹೋಗಿತ್ತು. ಹೆಣ್ಣು ಕೊಡುವವರು ಹುಡುಗನ ಹೊಲ ಎಷ್ಟು ಎಂದು ಕೇಳುವ ಮೊದಲು ಅವರ ಮನೆಯ ಒಲೆಯಲ್ಲಿ ಯಾರ ಕೈ ಇದೆ ಎಂದು ಕೇಳುತ್ತಿದ್ದರು. ನಾಳೆ ಮಗಳು ಉಣ್ಣಬೇಕಾದದ್ದು ಅದನ್ನೇ ತಾನೆ. ಮೂಲೆಮನೆಯಲ್ಲಿ ಬಹಳ ಹಿಂದೆ ಒಲೆ ಕಟ್ಟಿದ ಗೌಂಡಿ ಮರೆತು ಅದರ ಮೇಲೆ ತನ್ನ ಚಹಾ ಕಾಸಿಕೊಂಡನಂತೆ. ಮೂರು ತಲೆಮಾರಿನಿಂದ ಆ ಮನೆಯ ಬದನೆಕಾಯಿ ಪಲ್ಯವೂ ಸಿಹಿಯೇ. ಅವರು ಅತ್ತು ಕರೆದು ಕೊನೆಗೆ ಮದುವೆಗಳಿಗೆ ಬುಂದಿ ಲಾಡು ಮಾಡಿಕೊಡುವವರಾದರು. ಒಲೆ ಒಡೆಯುವ ಮಾತನ್ನು ಯಾವ ಮನೆಯಲ್ಲೂ ಸುಮ್ಮನೆ ಎತ್ತುವುದಿಲ್ಲ. ಗೋಡೆ ಬಿದ್ದರೆ, ನೆಲ ಕುಸಿದರೆ ಮಾತ್ರ.

ನಾನು ಮದುವೆಯಾಗಿ ಬಂದ ಮನೆಯ ಒಲೆಯಲ್ಲಿ ನನ್ನ ಅತ್ತೆ ಗುರುಬಸವ್ವನ ಕೈ ಇತ್ತು. ಒಳ್ಳೆಯ ಕೈ, ಸುಳ್ಳು ಹೇಳಬಾರದು. ಸಾರಿನ ಹುಳಿ, ಖಾರ ಎಲ್ಲ ಹದವಾಗಿ ಬಂದು ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಒಂದಿಷ್ಟು ಕಹಿ ನಿಲ್ಲುತ್ತಿತ್ತು, ಮೆಂತ್ಯ ಸೀದರೆ ಬರುವಂಥ ಕಹಿ. ಮನೆ ಮಂದಿಯೆಲ್ಲ ಅದನ್ನೇ ದೊಡ್ಡದು ಮಾಡಿ, ಇಂಥ ಕಹಿ ಯಾರ ಮನೆಯಲ್ಲೂ ಸಿಗುವುದಿಲ್ಲ ಎಂದು ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದರು. ನಮ್ಮ ಮನೆಯವರಂತೂ ಊಟ ಮುಗಿಸಿ ಏಳುವಾಗ, ಇವತ್ತೂ ನಮ್ಮವ್ವ ಚೆನ್ನಾಗಿ ಮಾಡಿದ್ದಾಳೆ ಎಂದು ನನಗೇ ಹೇಳುತ್ತಿದ್ದರು. ಅತ್ತೆ ಹೋಗಿ ಮೂವತ್ತೊಂದು ವರ್ಷವಾಗಿತ್ತು.

ಹೀಗಿರುವುದರಿಂದ ನಮ್ಮೂರ ಹೆಂಗಸರು ಅಡುಗೆಗೆ ಏನನ್ನೂ ಅಳೆದು ಹಾಕುವುದಿಲ್ಲ. ಮಾತಾಡುತ್ತ ಒಂದು ಹಿಡಿ ಉಪ್ಪು ಎಸೆಯುತ್ತಾರೆ, ಹಾಕಿದ್ದು ಮರೆತು ಇನ್ನೊಂದು ಹಿಡಿ ಎಸೆಯುತ್ತಾರೆ. ಒಲೆ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ಒಲೆ ನೋಡಿಕೊಳ್ಳುತ್ತಿತ್ತು ಕೂಡ. ನನಗೊಬ್ಬಳಿಗೆ ಹಾಗೆ ಮಾಡಲು ಕೈ ಬರಲಿಲ್ಲ. ಅಂಗೈ ಗುಳಿಯಲ್ಲಿ ಉಪ್ಪು ಹಿಡಿದು ನೋಡಿಯೇ ಹಾಕುತ್ತಿದ್ದೆ. ಒಂದೊಂದು ದಿನ, ಇವತ್ತು ಉಪ್ಪು ಹೆಚ್ಚಾಯಿತು ಅಂದುಕೋ, ಏನು ಮಾಡುತ್ತೀ ಎಂದು ನನಗೆ ನಾನೇ ಕೇಳಿಕೊಂಡು, ಬೇಕೆಂದೇ ಒಂದು ಹಿಡಿ ಹೆಚ್ಚು ಹಾಕಿ, ಆಮೇಲೆ ಅದನ್ನು ಸರಿಮಾಡಲು ಏನು ಬೇಕೋ ಅದೆಲ್ಲ ಹಾಕುತ್ತಿದ್ದೆ. ಸರಿಯಾಯಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ತಟ್ಟೆಗೆ ಬಂದದ್ದು ಗುರುಬಸವ್ವನ ಸಾರೇ. ಪಕ್ಕದ ಮನೆಯ ನಿಂಗವ್ವ ಇದನ್ನು ನೋಡಿ ಓಣಿಯಲ್ಲೆಲ್ಲ ಹೇಳಿ ನಗಾಡಿದ್ದಳು. ನಗಲಿ ಎಂದು ಬಿಟ್ಟಿದ್ದೆ.

ಆ ವರ್ಷ ಅಡುಗೆಮನೆಯ ಹಿಂದಿನ ಗೋಡೆ ಹೊಟ್ಟೆ ಬಂದು ಹೊರಕ್ಕೆ ಬಾಗಿತು. ಮಾಳಿಗೆಯ ಒಂದು ತೊಲೆಗೆ ಗೆದ್ದಲು ಹಿಡಿದಿತ್ತು. ಕಿಟಕಿ ಇಲ್ಲದ ಕೋಣೆ, ಹೊಗೆಗೆ ಸೊಸೆ ಕಸ್ತೂರಿಗೆ ಕೆಮ್ಮು ಶುರುವಾದರೆ ಮಧ್ಯಾಹ್ನದ ತನಕ ನಿಲ್ಲುತ್ತಿರಲಿಲ್ಲ. ಗೌಂಡಿ ಹುಸೇನಪ್ಪ ಬಂದು ಗೋಡೆಗೆ ಬೆರಳಿನಿಂದ ಬಡಿದು ನೋಡಿ, ಇದು ಈ ಮಳೆಗಾಲ ದಾಟುವುದಿಲ್ಲ, ಪೂರ್ತಿ ಕೆಡವಿ ಕಟ್ಟಬೇಕು ಎಂದ. ಕಸ್ತೂರಿ ಎರಡು ಕೇಳಿದಳು: ಒಂದು ಕಿಟಕಿ, ಮತ್ತು ನಿಂತುಕೊಂಡು ಅಡುಗೆ ಮಾಡುವಷ್ಟು ಎತ್ತರದ ಕಟ್ಟೆಯ ಮೇಲೆ ಒಲೆ. ನಮ್ಮ ಮನೆಯವರು ಕಿಟಕಿಗೆ ಒಪ್ಪಿದರು. ಕಟ್ಟೆಗೆ, ಇದೇನು ಖಾನಾವಳಿಯೇ, ಮನೆತನದ ಹೆಂಗಸರು ನಿಂತು ಅಡುಗೆ ಮಾಡುತ್ತಾರೆಯೇ ಎಂದು ಎರಡು ದಿನ ಗೊಣಗಿದರು. ನನ್ನ ಮಂಡಿ ನೋವಿನ ಮಾತು ಎತ್ತಿದ ಮೇಲೆ ಸುಮ್ಮನಾದರು.

ಕೆಡವುವ ದಿನ ಮೊದಲು ತೆಗೆದದ್ದು ಒಲೆಯ ಮೂರು ಕಲ್ಲು. ಹಳೆ ಒಲೆಯ ಒಂದು ಕಲ್ಲನ್ನು ಹೊಸ ಒಲೆಗೆ ಸೇರಿಸಿದರೆ ಹಳೆ ಕೈಯೇ ಮುಂದುವರಿಯುತ್ತದೆ. ಮೂರೂ ಹೊಸ ಕಲ್ಲಾದರೆ ಹೊಸ ಕೈ. ಇದು ಊರಿಗೆಲ್ಲ ಗೊತ್ತಿದ್ದದ್ದು. ನಮ್ಮ ಮನೆಯವರು ಆ ಮೂರು ಕಲ್ಲನ್ನೂ ಮಸಿ ಸಮೇತ ಗೋಣಿಚೀಲದಲ್ಲಿ ಸುತ್ತಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು. ನಾನು ಕಸಬರಿಗೆ ಹಿಡಿದು ಮಂಚದ ಸುತ್ತ ಗುಡಿಸುವಾಗ ಆ ಚೀಲ ಕಾಲಿಗೆ ತಾಗುತ್ತಿತ್ತು.

ಆಮೇಲಿನ ಒಂದೂವರೆ ತಿಂಗಳು ಹೇಗೆ ಕಳೆಯಿತು ಎಂದು ಅಡುಗೆಮನೆ ಕೆಡವಿಸಿದವರಿಗೇ ಗೊತ್ತು. ಡಬ್ಬಿಗಳೆಲ್ಲ ಮಲಗುವ ಕೋಣೆಗೆ ಬಂದವು. ತಲೆಯ ಕಡೆ ಉಪ್ಪಿನಕಾಯಿ ಜಾಡಿ, ಕಾಲ ಕಡೆ ಅಕ್ಕಿಯ ಚೀಲ, ನಡುವೆ ನಾವು. ರುಬ್ಬುವ ಕಲ್ಲು ಪಡಸಾಲೆಯ ನಡುವೆ ಕುಳಿತು ಬಂದವರನ್ನೆಲ್ಲ ಎಡವಿಸಿತು. ಪಾತ್ರೆ ತೊಳೆಯುವುದು ಬಚ್ಚಲಲ್ಲಿ, ಹಾಗಾಗಿ ಸ್ನಾನಕ್ಕೆ ಹೋದವರು ಮೊದಲು ತಟ್ಟೆಗಳನ್ನು ಎತ್ತಿಡಬೇಕು. ಧೂಳು ಎಲ್ಲಿಗೆ ಬರಲಿಲ್ಲ ಎಂದು ಹೇಳಲಾರೆ. ಕೊಡದ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿದರೂ ನೀರು ಸುಣ್ಣದ ವಾಸನೆ ಹೊಡೆಯುತ್ತಿತ್ತು. ಬೆಕ್ಕು ಮಾತ್ರ ಅಡುಗೆಮನೆ ಇದ್ದ ಜಾಗಕ್ಕೇ ಹೋಗಿ, ಕಲ್ಲುಗುಂಡುಗಳ ಮೇಲೆ ಕುಳಿತು, ಹಾಲು ಬರುವ ಹೊತ್ತಿಗೆ ನಮ್ಮನ್ನು ನೋಡುತ್ತಿತ್ತು.

ಹುಸೇನಪ್ಪ ಒಳ್ಳೆಯ ಕೆಲಸಗಾರ, ಆದರೆ ನಾಲ್ಕು ದಿನ ಬಂದರೆ ಮೂರು ದಿನ ಇಲ್ಲ. ಒಮ್ಮೆ ಅಳಿಯನ ಊರಿಗೆ ಹೋದ, ಒಮ್ಮೆ ಉಸುಕು ಬರಲಿಲ್ಲ, ಒಮ್ಮೆ ಏನೂ ಕಾರಣ ಹೇಳಲಿಲ್ಲ. ಕಿಟಕಿಯನ್ನು ಕಟ್ಟೆಯ ಮಟ್ಟಕ್ಕೆ ಇಡು ಎಂದರೆ ತಲೆಯ ಮಟ್ಟಕ್ಕೆ ಇಟ್ಟ. ಕಸ್ತೂರಿ ಹೋಗಿ ಅದರ ಕೆಳಗೆ ನಿಂತು, ಇಲ್ಲಿಂದ ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ ಎಂದಳು. ಅವನು ಅಳತೆಪಟ್ಟಿ ಹೆಗಲ ಮೇಲೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿ, ನನ್ನ ಎತ್ತರಕ್ಕೆ ಇಟ್ಟುಬಿಟ್ಟೆ ಎಂದು ಒಪ್ಪಿಕೊಂಡು, ಮರುದಿನ ಅದನ್ನು ಇಳಿಸಿದ.

ಊಟದ ಕಷ್ಟವೇ ಬೇರೆ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಬೇಯಿಸುತ್ತಿದ್ದೆವು. ಮಣ್ಣು ಮೆತ್ತದ ಒಲೆಗೆ ಯಾರ ಕೈಯೂ ಇಲ್ಲ, ಅದರ ಮೇಲೆ ಬೆಂದದ್ದಕ್ಕೆ ರುಚಿಯೂ ಇಲ್ಲ. ಖಾರ ಹಾಕಿದರೂ ಸಪ್ಪೆ, ಬೆಲ್ಲ ಹಾಕಿದರೂ ಸಪ್ಪೆ. ಬಿಸಿಯಾಗಿದೆ, ಹೊಟ್ಟೆ ತುಂಬುತ್ತದೆ, ಅಷ್ಟೇ. ಹಸಿ ಉಳ್ಳಾಗಡ್ಡಿ, ಮೊಸರು, ಉಪ್ಪಿನಕಾಯಿ ಇವುಗಳ ಆಸರೆಯಲ್ಲಿ ರೊಟ್ಟಿ ಇಳಿಸಬೇಕು. ಹಳೆ ಒಲೆಯಲ್ಲಿ ಹುರಿದು ಕುಟ್ಟಿದ ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಉಳಿದಿತ್ತು. ಅದರಲ್ಲಿ ಗುರುಬಸವ್ವನ ಕೈ ಇದ್ದೇ ಇತ್ತಲ್ಲ, ನಮ್ಮ ಮನೆಯವರು ಅದನ್ನು ತಮ್ಮ ಹತ್ತಿರ ಇಟ್ಟುಕೊಂಡು ಎಲ್ಲರಿಗೂ ಅರ್ಧರ್ಧ ಚಮಚ ಹಂಚುತ್ತಿದ್ದರು. ಡಬ್ಬಿ ಖಾಲಿಯಾದ ದಿನ ಅದರ ತಳವನ್ನು ರೊಟ್ಟಿಯಿಂದ ಒರೆಸಿ ತಿಂದರು. ನೋಡಿ ಪಾಪ ಎನ್ನಿಸಿತು. ಆದರೂ ನನ್ನೊಳಗೆ ಏನೋ ಒಂದು, ಮುಗಿಯಿತಲ್ಲ ಎಂದು ಎದ್ದು ಕೂತಿತು.

ಅಡುಗೆಮನೆ ಕೆಡವಿದ ಮನೆಗೆ ಓಣಿಯವರು ಸರದಿಯ ಮೇಲೆ ಒಂದೊಂದು ಪದಾರ್ಥ ಕಳಿಸುವುದು ನಮ್ಮೂರ ಪದ್ಧತಿ. ಹೀಗೆ ಒಂದೂವರೆ ತಿಂಗಳಲ್ಲಿ ಹದಿನೆಂಟು ಮನೆಯ ಕೈ ಉಂಡೆವು. ನನ್ನ ತವರೂ ಇದೇ ಊರು; ನಾನು ಚಿಕ್ಕವಳಿದ್ದಾಗ ನನಗೆ ಜಡೆ ಹಾಕುತ್ತಿದ್ದ ಬಸಲಿಂಗವ್ವನ ಪುಂಡಿಪಲ್ಯ ಒಂದು ದಿನ ಬಂತು. ಅವಳು ತೀರಿಹೋದಾಗ ನನಗೆ ಒಂಬತ್ತು ವರ್ಷ. ಪಲ್ಯ ಬಾಯಿಗಿಟ್ಟರೆ ಅವಳು ಎದುರಿಗೆ ಕುಳಿತಂತಾಯಿತು. ಆ ದಿನ ಕೈ ತೊಳೆಯುತ್ತ ಅಂದುಕೊಂಡೆ: ನಾನು ಹೋದ ಮೇಲೆ ನನ್ನನ್ನು ಯಾರೂ ಹೀಗೆ ಬಾಯಿಗಿಟ್ಟುಕೊಳ್ಳಲಾರರು. ಆ ಯೋಚನೆ ಬಂದದ್ದು ಆಮೇಲೆ ಹೋಗಲೇ ಇಲ್ಲ.

ಪದ್ಧತಿಯ ಪ್ರಕಾರ ಹೊಸ ಒಲೆಯ ಮೊದಲ ಪಾತ್ರೆ ಮನೆಯ ಕಿರಿಯ ಸೊಸೆಯದು, ಮುಂದೆ ಬಹಳ ಕಾಲ ಆ ಒಲೆಯ ಮುಂದೆ ನಿಲ್ಲುವವಳು ಅವಳೇ ಆದ್ದರಿಂದ. ನಾನು ಅದಕ್ಕೆ ಅಡ್ಡ ಬರುವವಳಲ್ಲ. ಒಂದು ಮಧ್ಯಾಹ್ನ ಬಚ್ಚಲಲ್ಲಿ ಇಬ್ಬರೂ ಪಾತ್ರೆ ಉಜ್ಜುತ್ತಿದ್ದೆವು. ಕಸ್ತೂರಿ ತಲೆ ಎತ್ತದೆ ಹೇಳಿದಳು.

"ಅತ್ತಿ, ಮೊದಲನೇ ಪಾತ್ರಿ ನೀವ ಇಡ್ರಿ."

ಅದು ನಿನ್ನದು ಎಂದೆ.

"ನಂದು ಮುಂದ ಯಾವಾಗರ ಬರ್ತೈತಿ. ಹತ್ತು ವರ್ಷ ಆತು ನಾ ನೋಡಾಕತ್ತು. ಉಪ್ಪು ಅಂಗೈಯಾಗ ಹಿಡದು, ನೋಡಿ, ಒಂದೀಟು ತಗದು ಹಾಕ್ತೀರಿ. ಯಾರಿಗಂತ ಹಂಗ ಮಾಡ್ತೀರೋ, ಅದನ್ನೊಮ್ಮೆ ಉಂಡು ನೋಡ್ಬೇಕು ನಾ."

ಉಜ್ಜಿದ ಚರಿಗೆಯನ್ನೇ ಮತ್ತೊಮ್ಮೆ ಉಜ್ಜಿದೆ.

ಒಲೆ ಹೂಡುವ ದಿನ ನಮ್ಮ ಮನೆಯವರ ಅಕ್ಕ ದ್ಯಾಮಕ್ಕ ಬೆಳಿಗ್ಗೆಯೇ ಬಂದಳು. ಆಕೆಯನ್ನು ಕೊಟ್ಟದ್ದು ಊರಿನ ಇನ್ನೊಂದು ತುದಿಗೆ. ಅಲ್ಲಿ ಅವಳ ಅತ್ತೆಯ ಕೈ, ಬಹಳ ಒಣ ಕೈ. ಹಾಗಾಗಿ ಎಂಟು ದಿನಕ್ಕೊಮ್ಮೆ ತವರಿಗೆ ಬಂದು, ಗೋಡೆಗೆ ಒರಗಿ ಕುಳಿತು, ಎರಡು ತಟ್ಟೆ ಸಾರನ್ನ ಉಂಡು, ನಮ್ಮವ್ವನ್ನ ನೋಡಿದಂಗಾತು ಎಂದು ಹೇಳಿ ಹೋಗುವವಳು. ಎಪ್ಪತ್ತು ದಾಟಿದ್ದರೂ ಬಾಯಿ ಹರಿತ. ಬಂದವಳೇ ಹೊಸ ಕಟ್ಟೆಯನ್ನು ನೋಡಿ, ಇದರ ಮೇಲೆ ಹತ್ತಲು ನಿಚ್ಚಣಿಕೆ ಎಲ್ಲಿದೆ ಎಂದು ಕೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿ, ಕಲ್ಲು ತಾ ಎಂದಳು. ನಮ್ಮ ಮನೆಯವರು ಗೋಣಿಚೀಲ ಎಳೆದು ತಂದು ಅದರಿಂದ ಒಂದು ಕಲ್ಲನ್ನು ತೆಗೆದು ಕಟ್ಟೆಯ ಮೇಲಿಟ್ಟರು.

ಹುಸೇನಪ್ಪ ಕೆಮ್ಮಣ್ಣು ಕಲಸಿ ಕೈಯಲ್ಲಿ ಉಂಡೆ ಹಿಡಿದು ನಿಂತಿದ್ದ. ಇದನ್ನು ಎಡಕ್ಕೆ ಕೂರಿಸಲೋ ಬಲಕ್ಕೋ ಎಂದು ಕೇಳಿದ. ಎಲ್ಲರೂ ನಮ್ಮ ಮನೆಯವರ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲು ನಾನು ಮಾತಾಡಿದೆ.

"ಹುಸೇನಪ್ಪ, ಆ ಕಲ್ಲು ಹೊರಗಿರಲಿ. ಮೂರೂ ಹೊಸಾವ ಇಡು."

ನನ್ನ ದನಿ ಅಷ್ಟೇನೂ ದೊಡ್ಡದಿರಲಿಲ್ಲ. ಆದರೂ ಎಲ್ಲರ ಕೈ ನಿಂತಿತು. ಆ ಮನೆಯಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು. ನಮ್ಮ ಮನೆಯವರು ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದೆ ನನ್ನನ್ನು ನೋಡಿದರು.

"ಇಷ್ಟು ವರ್ಷ ಉಂಡೀದಿ. ಈಗ ಏನ ಕಡಿಮಿ ಆತು ನಿನಗ?"

"ಕಡಿಮಿ ಏನಿಲ್ಲ. ನಂದ ನಾ ಒಮ್ಮೆ ಉಣಬೇಕಾಗೇತಿ."

ದ್ಯಾಮಕ್ಕ ಕಟ್ಟೆಗೆ ಕೈಯೂರಿ ನನ್ನ ಹತ್ತಿರ ಬಂದಳು. ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು ದನಿ ಇಳಿಸಿ ಹೇಳಿದಳು.

"ಆ ಕಹಿ ಎಲ್ಲಿಂದ ಬಂತು ಗೊತ್ತೈತೇನ ನಿನಗ? ನಮ್ಮವ್ವ ಆ ಒಲಿಗೆ ಮೊದಲನೇ ಪಾತ್ರಿ ಇಟ್ಟಾಗ ನಾ ಹೊಟ್ಟ್ಯಾಗಿದ್ದೆ. ಒಲಿ ಮುಂದನ ನೋವು ಬಂದು, ಮೆಂತ್ಯ ಸೀದು ಹೋತು. ಅದು ನಾ ಹುಟ್ಟಿದ ದಿನದ ಕಹಿ. ಅದನ್ನ ಅಳಿಸಿದ್ರ ಆಕಿನ್ನ ಎರಡನೇ ಸಲ ಮಣ್ಣು ಮಾಡಿದಂಗ, ಬಾಳವ್ವಾ."

ಇದು ನನಗೆ ಗೊತ್ತಿರಲಿಲ್ಲ. ಅವಳ ನೋವು ಸುಳ್ಳಲ್ಲ ಎಂದು ಕಂಡಿತು. ಹಾಗೆಂದು ನನ್ನದೂ ಸುಳ್ಳಾಗಲಿಲ್ಲ. ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಹೊಸ ಒಲೆಯ ಮೊದಲ ಪಾತ್ರೆಯನ್ನು ಮೂವರು ಉಂಡು ನೋಡುತ್ತಾರೆ: ಮನೆಯ ಯಜಮಾನ, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು, ಒಲೆ ಕಟ್ಟಿದವನು. ಇಬ್ಬರು ತಟ್ಟೆ ಸರಿಸಿದರೆ, ಮಣ್ಣು ಹಸಿ ಇರುವಾಗಲೇ ಒಲೆ ಕಿತ್ತು ಮತ್ತೆ ಹೂಡಬಹುದು. ಆರಿದ ಮೇಲೆ ಆಗದು. ದ್ಯಾಮಕ್ಕ ಅದನ್ನೇ ಹಿಡಿದಳು. ಸರಿ, ಹೊಸ ಕಲ್ಲೇ ಇಡಿ, ಇವಳು ಮಾಡಲಿ. ನಾವು ತಟ್ಟೆ ಸರಿಸಿದರೆ ಸಂಜೆಯೊಳಗೆ ನಮ್ಮವ್ವನ ಕಲ್ಲು ಒಳಗೆ ಬರಬೇಕು, ಆಮೇಲೆ ಯಾರೂ ಉಸಿರೆತ್ತಬಾರದು ಎಂದಳು. ನಮ್ಮ ಮನೆಯವರು ಹೂಂ ಎಂದರು. ನಾನೂ ತಲೆ ಆಡಿಸಿದೆ.

"ಒಡಿಯೂದಿದ್ರ ಇವತ್ತ ಹೇಳ್ರಿ," ಎಂದ ಹುಸೇನಪ್ಪ, ಮಣ್ಣು ಮೆತ್ತುತ್ತ. "ನಾಳಿ ನಂಗ ಬ್ಯಾರೆ ಮನಿ ಐತಿ."

ಅವನಿಗೆ ಯಾವ ದಿನವೂ ಬೇರೆ ಮನೆ ಇದ್ದೇ ಇರುತ್ತಿತ್ತು.

ಹೊಸ ಕಿಟಕಿಯಿಂದ ಬಿಸಿಲು ನೇರ ಕಟ್ಟೆಯ ಮೇಲೆ ಬೀಳುತ್ತಿತ್ತು. ಮೊದಲ ಬಾರಿಗೆ ನಿಂತುಕೊಂಡು ಒಲೆ ಹಚ್ಚಿದೆ. ತೊಗರಿ ಬೇಳೆಯ ಸಾರು ಮಾಡುವುದೆಂದು ಮೊದಲೇ ನಿರ್ಧರಿಸಿದ್ದೆ. ಹಬ್ಬದ ಅಡುಗೆ ಬೇಡ; ದಿನಾ ಉಣ್ಣುವುದು ಸರಿಯಾಗಿ ಬಂದರೆ ಉಳಿದದ್ದು ತಾನೇ ಬರುತ್ತದೆ. ಬೇಳೆ ಬೆಂದಿತು. ಹುಣಸೆ ಕಿವುಚಿ ಹಾಕಿದೆ. ಮೆಂತ್ಯವನ್ನು ಬೇರೆ ಬಿಸಿ ಮಾಡುವಂತಿರಲಿಲ್ಲ, ಒಂದೇ ಪಾತ್ರೆ ತಾನೆ. ಬಿಸಿಲಲ್ಲಿ ಕಾಯಿಸಿ ಕುಟ್ಟಿ ಇಟ್ಟಿದ್ದನ್ನು ಖಾರದ ಪುಡಿಯ ಜೊತೆ ಹಾಕಿದೆ. ಉಪ್ಪನ್ನು ಅಂಗೈಯಲ್ಲಿ ಹಿಡಿದು ನೋಡಿ ಹಾಕಿದೆ. ಮೊದಲ ಪಾತ್ರೆಯನ್ನು ಮೂವರು ಉಣ್ಣುವ ತನಕ ಅಡುಗೆಯವಳು ನಾಲಿಗೆಗೆ ಹಚ್ಚುವಂತಿಲ್ಲ, ಒಲೆಯಿಂದ ಇಳಿಸುವಂತಿಲ್ಲ, ಚೆಲ್ಲುವಂತಿಲ್ಲ. ಹಾಗಾಗಿ ಕಣ್ಣಿನಿಂದ, ಮೂಗಿನಿಂದಲೇ ಎಲ್ಲ.

ಕಾಯಿ ತುರಿದು ಕೊಡಲು ನಿಂಗವ್ವ ಬಂದಿದ್ದಳು. ಕೊಡಲಿ ಎಂದು ಒಳಗೆ ಬಿಟ್ಟದ್ದು ನನ್ನದೇ ತಪ್ಪು. ಅವಳ ಮಗಳ ಬೀಗರು ಹೇಗೆ ಬಸವಣ್ಣನಂತೆ ಕುಳಿತಲ್ಲೇ ಕುಳಿತಿರುತ್ತಾರೆ ಎಂದು ಹೇಳುತ್ತ ಹೇಳುತ್ತ, ತುರಿದ ಕಾಯಿ ತಂದು ಕಟ್ಟೆಯ ಮೇಲಿಟ್ಟು, ಅಲ್ಲೇ ಇದ್ದ ಉಪ್ಪಿನ ಮರಿಗೆಗೆ ಕೈ ಹಾಕಿ, ಒಂದು ಹಿಡಿ ತೆಗೆದು ಸಾರಿಗೆ ಎಸೆದಳು. ನೋಡಲೂ ಇಲ್ಲ. ತನ್ನ ಮನೆಯಲ್ಲಿ ಐವತ್ತು ವರ್ಷ ಎಸೆದ ಕೈ ಅದು.

ಕಸ್ತೂರಿಯ ಕೈಯಲ್ಲಿದ್ದ ಸೌಟು ನಿಂತಿತು. ನಮ್ಮಿಬ್ಬರ ಮುಖ ನೋಡಿ ನಿಂಗವ್ವ, ಯಾಕ, ಎರಡು ಸಲ ಬಿತ್ತೇನು, ಒಲಿ ನೋಡ್ಕೊಂತೈತಿ ಬಿಡ ಎಂದಳು. ಎಂದವಳೇ ಒಲೆಯನ್ನು ನೋಡಿದಳು. ಹಸಿ ಮಣ್ಣು ಇನ್ನೂ ಹೊಳೆಯುತ್ತಿತ್ತು. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕುಳಿತು, ಉಪ್ಪು ಹತ್ತಿದ ಕೈಯನ್ನು ತನ್ನದಲ್ಲ ಎನ್ನುವ ಹಾಗೆ ದೂರ ಹಿಡಿದುಕೊಂಡಳು.

ಬಾಗಿಲಲ್ಲಿ ದ್ಯಾಮಕ್ಕ ನಿಂತಿದ್ದಳು. ಎಲ್ಲ ನೋಡಿದ್ದಳು.

"ಮುಗೀತಲ್ಲ," ಎಂದಳು. "ಕಲ್ಲು ತೊಳದಿಡ್ತೀನಿ."

ಕಸ್ತೂರಿಯ ಕಣ್ಣು ತುಂಬಿತ್ತು. ಅತ್ತಿ, ಈಗೇನು ಎಂದು ನನ್ನ ತೋಳು ಹಿಡಿದಳು. ನನಗೆ ಆಶ್ಚರ್ಯವೆಂದರೆ, ನನ್ನ ಎದೆ ಬಡಿದುಕೊಳ್ಳಲಿಲ್ಲ. ಊರಿನಲ್ಲಿ ಬೇರೆ ಯಾವ ಹೆಂಗಸೇ ಆಗಿದ್ದರೂ ಅಲ್ಲಿಗೆ ಕೈ ಚೆಲ್ಲಬೇಕಿತ್ತು, ಉಪ್ಪು ಹೆಚ್ಚಾದರೆ ಏನು ಮಾಡಬೇಕೆಂದು ತಿಳಿಯುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ನಾನು ಮಾತ್ರ ಇದನ್ನು ಎಷ್ಟು ಸಲ ಮಾಡಿದ್ದೆನೋ. ಸಾವಿರ ಸಲ ಬೇಕೆಂದೇ ಕೆಡಿಸಿ ಸಾವಿರ ಸಲ ಸರಿಮಾಡಿದ್ದೆ, ಆ ಗುರುಬಸವ್ವನ ಒಲೆಯ ಮುಂದೆ, ಫಲ ಏನೆಂದು ಕಾಣದೆ.

"ಕುಂದರು," ಎಂದೆ ಕಸ್ತೂರಿಗೆ. "ಜ್ವಾಳದ ಹಿಟ್ಟು ಕಲಸು. ಗಟ್ಟಿ ಇರಲಿ. ಉಪ್ಪು ಹಾಕಬ್ಯಾಡ."

ನಿಂಗವ್ವನ ಹತ್ತಿರ ಹೋಗಿ ಅವಳ ಮುಷ್ಟಿ ಮುಚ್ಚಿಸಿ ನೋಡಿದೆ. ಸಣ್ಣ ಕೈ. ನನ್ನ ಅಂಗೈ ಗುಳಿಯ ಲೆಕ್ಕಕ್ಕೆ ಎರಡೂವರೆ. ಎರಡೂವರೆ ಹೆಚ್ಚು ಎಂದರೆ ಎಷ್ಟು ನೀರು ಬೇಕು ಎಂದು ನನಗೆ ಗೊತ್ತಿತ್ತು. ಪಾತ್ರೆ ಮುಕ್ಕಾಲು ತುಂಬಿತ್ತು, ಅಷ್ಟು ನೀರಿಗೆ ಜಾಗವಿರಲಿಲ್ಲ. ಕಂಠದವರೆಗೆ ನೀರು ಹಾಕಿದೆ. ಸಾರು ನೀರಾಯಿತು. ನೆನೆಸಿದ್ದ ಬೇಳೆ ಒಂದು ಹಿಡಿ ಉಳಿದಿತ್ತು, ಅದನ್ನು ಕಾಯಿಯ ಜೊತೆ ನುಣ್ಣಗೆ ರುಬ್ಬಿಸಿ ಸೇರಿಸಿದೆ. ಹುಣಸೆ ಇನ್ನಷ್ಟು, ಬೆಲ್ಲ ಅಡಿಕೆಯಷ್ಟು. ಆಮೇಲೆ ಕಲಸಿದ ಹಿಟ್ಟನ್ನು ಬೆರಳಿನಲ್ಲಿ ಚಿಕ್ಕ ಚಿಕ್ಕ ಕಡುಬಿನಂತೆ ಒತ್ತಿ ಒಂದೊಂದಾಗಿ ಬಿಟ್ಟೆ. ಸಪ್ಪೆ ಹಿಟ್ಟು ಸಾರನ್ನು ಕುಡಿಯುತ್ತ ಮೇಲೆ ಬರುತ್ತದೆ, ಉಪ್ಪು ಅದರೊಳಗೆ ಇಳಿಯುತ್ತದೆ. ಕಟ್ಟಿಗೆ ಹಿಂದಕ್ಕೆ ಎಳೆದು ಬೆಂಕಿ ಸಣ್ಣದು ಮಾಡಿದೆ.

ಇನ್ನು ಕಾಯುವುದು. ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಹುಸೇನಪ್ಪ ಒಳಗೆ ಬಂದು ಒಲೆಯ ಮಣ್ಣಿಗೆ ಬೆರಳೊತ್ತಿ ನೋಡಿ, ಅಂಚು ಆರುತ್ತಿದೆ, ಬೇಗ ಬಡಿಸಿ ಎಂದ. ಇನ್ನೂ ಇಲ್ಲ ಎಂದೆ. ಎರಡನೆಯ ಸಲ ಬಂದಾಗಲೂ ಇನ್ನೂ ಇಲ್ಲ ಎಂದೆ. ಕಡುಬುಗಳ ಬಿಳಿ ಹೋಗಿ ಸಾರಿನ ಬಣ್ಣ ಒಳಗಿನ ತನಕ ಇಳಿದಿದೆಯೇ ಎಂದು ಒಂದನ್ನು ಸೌಟಿನಲ್ಲಿ ಸೀಳಿ ನೋಡಿದೆ. ಕುದಿಯ ಸದ್ದು ದಪ್ಪವಾಯಿತು. ಆಗ ಬೆಂಕಿ ಆರಿಸಿದೆ.

ಮೂವರೂ ಪಡಸಾಲೆಯಲ್ಲಿ ಕುಳಿತರು. ಕಸ್ತೂರಿ ಅನ್ನ ಬಡಿಸಿದಳು. ಅದು ಅಂಗಳದ ಇಟ್ಟಿಗೆಯ ಮೇಲೆ ಬೆಂದ ಅನ್ನ, ಅದಕ್ಕೇನೂ ರುಚಿಯಿಲ್ಲ. ಅದರ ಮೇಲೆ ನಾನು ಒಲೆಯ ಮೇಲಿನ ಪಾತ್ರೆಯಿಂದ ತೋಡಿ ತಂದ ಸಾರು ಹಾಕಿದೆ, ಒಬ್ಬೊಬ್ಬರಿಗೆ ನಾಲ್ಕು ಕಡುಬು. ಹಾಕಿ ಬಾಗಿಲ ಬಳಿ ನಿಂತೆ. ನಿಂಗವ್ವ ನನ್ನ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಹುಸೇನಪ್ಪ ಮೊದಲು ಉಂಡ. ಮಧ್ಯಾಹ್ನವೆಲ್ಲ ಹಸಿದಿದ್ದ, ತಲೆ ಎತ್ತಲಿಲ್ಲ. ತಟ್ಟೆ ಬಳಿದು ಮುಗಿಸಿ, ಬೆರಳು ನೆಕ್ಕಿ, ತಟ್ಟೆಯನ್ನು ನನ್ನ ಕಡೆ ಚಾಚಿದ.

"ಇದನ್ನ ಒಡಿ ಅಂದ್ರ ನನ್ನಿಂದ ಆಗೂದಿಲ್ಲ. ಬ್ಯಾರೆ ಗೌಂಡಿನ್ನ ನೋಡ್ಕೋರಿ."

ನಮ್ಮ ಮನೆಯವರು ನಿಧಾನ. ಒಂದು ತುತ್ತು ಉಂಡು ತಟ್ಟೆಯನ್ನು ನೋಡಿದರು. ಇನ್ನೊಂದು ತುತ್ತು ಉಂಡು ನನ್ನನ್ನು ನೋಡಿದರು. ನಾನು ಅವರ ಜೊತೆ ನಲವತ್ತಾರು ವರ್ಷ ಬಾಳಿದವಳು. ಆ ನೋಟ ಮಾತ್ರ ಹೊಸದಾಗಿತ್ತು, ಹೆಣ್ಣು ನೋಡಲು ಬಂದವರು ನೋಡುವ ಹಾಗೆ.

"ಇದು ಇಷ್ಟು ದಿನ ಎಲ್ಲಿತ್ತು?" ಎಂದರು.

"ಇಲ್ಲೇ ಇತ್ತು," ಎಂದೆ.

ಅವರು ತಟ್ಟೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಇಬ್ಬರು ಒಪ್ಪಿದ ಮೇಲೆ ಒಲೆ ಉಳಿದಂತೆಯೇ. ಆದರೂ ಎಲ್ಲರ ಕಣ್ಣೂ ದ್ಯಾಮಕ್ಕನ ಮೇಲಿತ್ತು. ನನಗೂ ಅವಳದೇ ಬೇಕಾಗಿತ್ತು.

ಅವಳು ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದಳು. ಕೊನೆಗೆ ಬರುವ ಆ ಕಹಿಗಾಗಿ ಕಾಯುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ಒಂದು ತುತ್ತು ನುಂಗಿ ಕಾಯುವುದು, ಇನ್ನೊಂದು ತುತ್ತು ನುಂಗಿ ಕಾಯುವುದು. ಬರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಕಡುಬೊಂದನ್ನು ಮುರಿದು ಬಾ‌ಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

"ನಮ್ಮವ್ವಗ ಆ ಕಹಿ ಒಂದಿನಾನೂ ಸೇರಲಿಲ್ಲ," ಎಂದಳು ಕೊನೆಗೆ. "ಸಾಯೂ ತನಕ ಮಾರಿ ಕಿವುಚಿಕೊಂಡ ಉಂಡ್ಲು. ನಾವು ಹೊಗಳಿದಾಗೆಲ್ಲ ಸುಮ್ಮ ಕುಂದರ್ತಿದ್ಲು. ಇದನ್ನ ಉಂಡಿದ್ರ ಆಕಿ ಇನ್ನೊಂದ್ ರೊಟ್ಟಿ ಕೇಳ್ತಿದ್ಲು, ಬಾಳವ್ವಾ."

ಹೇಳಿ ತಟ್ಟೆ ಮುಂದೆ ಮಾಡಿದಳು. ನಾನು ಸಾರು ಹಾಕಲು ಬಾಗಿದಾಗ ಅವಳ ಕೈ ನನ್ನ ಮುಂಗೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. ಆಗ ನಾನು ಅವಳಿಗೆ ಮಾತ್ರ ಕೇಳುವಂತೆ ಹೇಳಿದೆ, ಆ ಮೂರು ಕಲ್ಲು ನಿಮ್ಮವು ಅಕ್ಕಾರ, ಒಯ್ಯಿರಿ, ನಿಮ್ಮ ಹಿತ್ತಲಲ್ಲಿ ಮಣ್ಣು ಮೆತ್ತಿ ಹೂಡಿಕೊಳ್ಳಿ ಎಂದು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದರೆ ಮನೆ ಒಡೆದಂತೆ, ಜನ ಏನಂದಾರು ಎಂದಳು. ನಿಮ್ಮ ಮನೆಯಲ್ಲಿ ಈಗ ನಿಮಗಿಂತ ಹಿರಿಯರು ಯಾರಿದ್ದಾರೆ ಕೇಳಲಿಕ್ಕೆ ಎಂದೆ. ಅವಳು ಯೋಚಿಸಿದಳು. ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ ಎನ್ನುವಂತೆ ನಕ್ಕಳು. ಆಮೇಲೆ ಹುಸೇನಪ್ಪನ ಕಡೆ ತಿರುಗಿ, ನಾಳೆ ಯಾವುದೋ ಬೇರೆ ಮನೆ ಅಂದೆಯಲ್ಲ, ಅದು ನಮ್ಮ ಮನೆಯೇ ಎಂದಳು. ಅವನು ಎರಡನೆಯ ತಟ್ಟೆಯಿಂದ ತಲೆ ಎತ್ತಿ, ನಾಡಿದ್ದು ಬರುತ್ತೇನೆ ಎಂದ.

ಒಳಗೆ ಹೋಗಿ ಒಲೆಯನ್ನು ಮುಟ್ಟಿ ನೋಡಿದೆ. ಮಣ್ಣು ಬೆಚ್ಚಗಿತ್ತು, ಬೆರಳಿಗೆ ಅಂಟಲಿಲ್ಲ. ಕಸ್ತೂರಿ ತಾನು ಬಡಿಸುತ್ತೇನೆ ಎಂದು ನನ್ನನ್ನು ಪಡಸಾಲೆಗೆ ದೂಡಿಕೊಂಡು ಬಂದಳು. ಹೆಂಗಸರು ಕೊನೆಗೆ ಉಣ್ಣುವ ಮನೆ ನಮ್ಮದು. ನನ್ನ ಮಗ ಅಂಗಡಿಯಿಂದ ಬಂದು ಕಾಲು ತೊಳೆದು ಕಾಯುತ್ತಿದ್ದ, ನಿಂಗವ್ವ ಕಾಯುತ್ತಿದ್ದಳು, ಅವಳು ಕರೆದ ನಾಲ್ಕು ಜನ ಓಣಿಯ ಹೆಂಗಸರು ಆಗಲೇ ಬಾಗಿಲಲ್ಲಿದ್ದರು. ನಾನು ಅವರೆಲ್ಲರ ಎದುರಿಗೇ, ಪಡಸಾಲೆಯಲ್ಲೇ, ಗೋಡೆಗೆ ಬೆನ್ನು ಕೊಟ್ಟು ಕುಳಿತೆ.

ಮೊದಲ ತುತ್ತು ಬಾಯಿಗಿಟ್ಟಾಗ ಏನನ್ನಿಸಿತು ಎಂದು ಕಸ್ತೂರಿ ಇವತ್ತಿಗೂ ಕೇಳುತ್ತಾಳೆ. ಹುಳಿ ಮೊದಲು ಬಂತು, ಆಮೇಲೆ ಖಾರ, ಅದರ ಹಿಂದೆಯೇ ಬೆಲ್ಲ ಎಲ್ಲೋ ಇದ್ದೂ ಇಲ್ಲದ ಹಾಗೆ. ಉಪ್ಪು ಎಷ್ಟು ಬೇಕೋ ಅಷ್ಟು. ಅದು ನಾನು ಅಂದುಕೊಂಡಂತೆಯೇ ಇತ್ತು, ಒಂದು ಕೂದಲೂ ಆಚೀಚೆ ಇಲ್ಲ. ಬಾಗಿಲಲ್ಲಿ ಯಾರೋ ಇನ್ನೂ ಎಷ್ಟು ಹೊತ್ತು ಎಂದು ಪಿಸುಗುಟ್ಟಿದರು. ನನ್ನ ಮಗ ಏನೋ ಹೇಳಲು ಹೋದ, ಅವನ ಅಪ್ಪ ಕೈ ಎತ್ತಿ ತಡೆದರು. ನಾನು ಅವಸರ ಮಾಡಲಿಲ್ಲ. ತಟ್ಟೆ ಬರಿದಾದಾಗ ಕಸ್ತೂರಿ ಸೌಟು ಹಿಡಿದು ಬಗ್ಗಿ, ಸಾಕೇನ್ರಿ ಅತ್ತಿ ಎಂದಳು.

"ಹಾಕು," ಎಂದೆ.